ಎರಡನೆಯ ಗೋಲ್‌ಕೀಪರ್

ಪೀಣ್ಯ ಎರಡನೇ ಹಂತ, ಬೆಂಗಳೂರು
12 ಜನವರಿ 1996

ಚಿರಂಜೀವಿ ಪಂಚಾಕ್ಷರಿಗೆ ನಿನ್ನ ಭಾವ ಕರಿಬಸಪ್ಪ ಮಾಡುವ ಆಶೀರ್ವಾದ.

ಅತ್ತೆಯವರ ಮಂಡಿನೋವು ಈ ಚಳಿಯಲ್ಲಿ ಹೇಗಿದೆ? ಶೈಲಜಾಳ ಒಣಕೆಮ್ಮು ಹೋಯಿತೆ? ಸೌಮ್ಯಾಳಿಗೆ ಮುಂದಿನ ಹಲ್ಲು ಬಂದಿದೆ ಎಂದು ನಿನ್ನ ಅಕ್ಕ ಹೇಳಿದಳು, ಸಂತೋಷ. ನೀನು ಹೇಗಿದ್ದೀ? ಇಲ್ಲಿ ನಿನ್ನ ಅಕ್ಕ ಚನ್ನಬಸಮ್ಮ ಆರಾಮಾಗಿದ್ದಾಳೆ. ಬಿ.ಪಿ. ಗುಳಿಗೆಯನ್ನು ನೆನಪಾದ ದಿನ ನುಂಗುತ್ತಾಳೆ. ನನಗೂ ಹೇಳಿಕೊಳ್ಳುವಂಥ ಕಾಯಿಲೆ ಏನಿಲ್ಲ. ಸಂಜೆ ಬಸ್ಸಿನ ದೀಪಗಳ ಸುತ್ತ ಬಳೆ ಬಳೆಯಾಗಿ ಕಾಣುತ್ತದೆ, ಅಷ್ಟೆ.

ನೀನು ಇಲ್ಲಿಯ ಕೆಲಸ ಬಿಟ್ಟು ಹರಿಹರಕ್ಕೆ ಹೋಗಿ ಎರಡು ವರ್ಷವಾಯಿತು. ನಿನ್ನ ಅಕ್ಕನಿಗೆ ಬರೆಯುವ ಕಾಗದದ ತುದಿಯಲ್ಲಿ ‘ಭಾವನವರಿಗೆ ಶರಣು’ ಎಂದು ಒಂದು ಸಾಲು ಇರುತ್ತದೆ. ಅದನ್ನು ಅವಳು ಬೇಕೆಂದೇ ಗಟ್ಟಿಯಾಗಿ ಓದುತ್ತಾಳೆ. ನಾನು ಹೂಂ ಎನ್ನುತ್ತೇನೆ. ಈಗ ನಾನಾಗಿ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದು. ನಾನು ಅಕ್ಷರ ಕಲಿತದ್ದು ಪೇಪರಿನ ಆಟದ ಪುಟದಲ್ಲಿ, ನಿನಗೆ ಗೊತ್ತೇ ಇದೆ.

ಏಪ್ರಿಲ್‌ನಲ್ಲಿ ನಮ್ಮ ದೇಶದ ಫುಟ್‌ಬಾಲ್ ತಂಡ ಬೆಂಗಳೂರಿನಲ್ಲಿ ಎರಡು ಸೌಹಾರ್ದ ಪಂದ್ಯ ಆಡುತ್ತದಂತೆ. ಊರೆಲ್ಲ ವಿಶ್ವಕಪ್ ಕ್ರಿಕೆಟ್ ಎಂದು ಕುಣಿಯುತ್ತಿರುವಾಗ ಈ ಸುದ್ದಿ ಪೇಪರಿನಲ್ಲಿ ನಾಲ್ಕೇ ಸಾಲು ಬಂದಿತ್ತು. ಶಿಬಿರಕ್ಕೆ ಇಪ್ಪತ್ತೆಂಟು ಜನರನ್ನು ಕರೆದಿದ್ದಾರೆ. ಆ ಪಟ್ಟಿಯನ್ನು ಕತ್ತರಿಸಿಕೊಂಡು ಟೀ ಅಂಗಡಿಗೆ ಹೋದೆ. ನಮ್ಮದು ಈಗ ಮೂರೇ ಜನರ ಗುಂಪು. ನಾನು, ಟೆಂಪೋ ಓಡಿಸುವ ದಾಸಪ್ಪ, ಮತ್ತೆ ಪಕ್ಕದ ಯೂನಿಟ್ಟಿನ ವಾಚ್‌ಮನ್ ಶ್ಯಾಮಣ್ಣ. ಆಸ್ಟಿನ್ ಟೌನಿನವರು, ಒಂದು ಕಾಲಕ್ಕೆ ಮಿಲ್ ತಂಡದಲ್ಲಿ ಆಡಿದವರು, ನಿನಗೆ ನೆನಪಿರಬೇಕು.

“ಹನ್ನೊಂದು ಜನ ಆಡೋಕೆ ಇಪ್ಪತ್ತೆಂಟು ಜನ ಯಾಕೆ ಗುರು, ಮದ್ವೆ ದಿಬ್ಬಣಾನಾ?” ಎಂದ ದಾಸಪ್ಪ.

“ನಿನ್ ಟೆಂಪೋದಲ್ಲಿ ಸ್ಟೆಪ್ನಿ ಯಾಕಪ್ಪಾ ಇಟ್ಕೊಂಡಿದೀಯ?” ಎಂದರು ಶ್ಯಾಮಣ್ಣ.

“ಅದ್ರಲ್ಲಿ ಗಾಳೀನೇ ಇಲ್ಲ ಬಿಡಣ್ಣ.”

“ನಮ್ ಟೀಮ್ ಕಥೇನೂ ಅದೇ ಕಣೋ.”

ನಕ್ಕೆವು. ಆದರೆ ಮಾತು ನಿಜ. ಫಾರ್ವರ್ಡ್ ಜಾಗಕ್ಕೆ ಆರು ಜನ ನೂಕಾಡುತ್ತಿದ್ದಾರೆ. ಗೋಲಿನಲ್ಲಿ ಮಾತ್ರ ಎಂಟು ವರ್ಷದಿಂದ ಬಂಗಾಳದ ಆ ಎತ್ತರದವನೊಬ್ಬನೇ. ಎರಡನೆಯವನು ಕೇರಳದವನು. ಆರು ವರ್ಷದಿಂದ ಬೆಂಚಿನ ಮೇಲಿದ್ದಾನೆ. ಪಟ್ಟಿಯಲ್ಲಿ ಅವನ ಹೆಸರು ಇದ್ದೇ ಇರುತ್ತದೆ, ಮೈದಾನದಲ್ಲಿ ಅವನನ್ನು ಕಂಡವರಿಲ್ಲ.

ನಾವಿಬ್ಬರೂ ಹಿಂದೆ ಮಾಡುತ್ತಿದ್ದ ಹಾಗೆ ನೀನು ನಿನ್ನ ತಂಡ ಬರೆದು ಕಳಿಸು. ಒಂದೊಂದು ಜಾಗಕ್ಕೂ ಎರಡು ಹೆಸರು ಇರಲಿ.

ನಿನ್ನ ಭಾವ,
ಕರಿಬಸಪ್ಪ


ಹರಿಹರ
30 ಜನವರಿ 1996

ಪೂಜ್ಯ ಭಾವನವರಿಗೆ ಪಂಚಾಕ್ಷರಿಯ ಶರಣು.

ಎಲ್ಲರೂ ಕ್ಷೇಮ. ಅವ್ವನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದೇವೆ. ಶೈಲಜಾಳ ಕೆಮ್ಮು ಹೋಯಿತು.

ಪಟ್ಟಿ ಹಿಂದಿನ ಪುಟದಲ್ಲಿದೆ. ಇಪ್ಪತ್ತೊಂದು ಹೆಸರು ಬರೆದಿದ್ದೇನೆ. ಎರಡನೇ ಗೋಲ್‌ಕೀಪರ್ ಜಾಗ ಖಾಲಿ ಬಿಟ್ಟಿದ್ದೇನೆ. ಕೇರಳದವನು ಒಳ್ಳೆಯವನೋ ಕೆಟ್ಟವನೋ ಹೇಗೆ ಹೇಳಲಿ? ಯಾರೂ ಅವನನ್ನು ಆಡಿಸಿಲ್ಲ, ಆದ್ದರಿಂದ ಯಾರೂ ನೋಡಿಲ್ಲ. ಪ್ರಾಯಶಃ ಅವನಿಗೂ ಗೊತ್ತಿರಲಿಕ್ಕಿಲ್ಲ.

ದೀಪದ ಸುತ್ತ ಬಳೆ ಕಾಣುವುದನ್ನು ಡಾಕ್ಟರಿಗೆ ತೋರಿಸಿ.

ಇತಿ,
ಪಂಚಾಕ್ಷರಿ


ಪೀಣ್ಯ
20 ಫೆಬ್ರವರಿ 1996

ಚಿರಂಜೀವಿ ಪಂಚಾಕ್ಷರಿಗೆ ಆಶೀರ್ವಾದ.

ನಿನ್ನ ಪಟ್ಟಿಯನ್ನು ಟೀ ಅಂಗಡಿಯಲ್ಲಿ ಓದಿ ಹೇಳಿದೆ. ಎಡ ಬ್ಯಾಕ್ ಜಾಗಕ್ಕೆ ನೀನು ಹಾಕಿದ ಎರಡನೇ ಹೆಸರಿಗೆ ಶ್ಯಾಮಣ್ಣ ತಲೆ ಅಲ್ಲಾಡಿಸಿದರು. “ಅವನಿಗೆ ಎಡಗಾಲು ಇರೋದು ಚಪ್ಪಲಿ ಹಾಕ್ಕೊಳಕ್ಕೆ ಮಾತ್ರ” ಎಂದರು. ಖಾಲಿ ಬಿಟ್ಟ ಜಾಗವನ್ನು ಮಾತ್ರ ಮೆಚ್ಚಿದರು. “ನಿಮ್ ಭಾಮೈದ ಸರಿಯಾಗೇ ಹೇಳವ್ನೆ” ಎಂದರು.

ನಾನೂ ಅದನ್ನೇ ಹೇಳುತ್ತೇನೆ. ಸೌಹಾರ್ದ ಪಂದ್ಯ ಇರುವುದೇ ಎರಡನೆಯವನಿಗಾಗಿ. ಗೆದ್ದರೆ ಕಪ್ಪಿಲ್ಲ, ಸೋತರೆ ಮನೆಗೆ ಹೋಗಬೇಕಿಲ್ಲ. ಅಂಥ ಆಟದಲ್ಲೂ ಮೊದಲನೆಯವನನ್ನೇ ನಿಲ್ಲಿಸಿದರೆ ಕೋಚ್ ಆದವನಿಗೆ ಏನು ಹೆದರಿಕೆ ಎಂದು ಕೇಳಬೇಕಾಗುತ್ತದೆ. ನಾಳೆ ಆ ಬಂಗಾಳದವನ ಬೆರಳು ಮುರಿದರೆ? ಆಗ ಆರು ವರ್ಷ ಕೂತವನನ್ನು ಎಬ್ಬಿಸಿ ದೊಡ್ಡ ಪಂದ್ಯಕ್ಕೆ ನೂಕುತ್ತಾರೆ. ಅವನು ಗೋಲು ಬಿಟ್ಟರೆ, ನೋಡಿ, ಇದಕ್ಕೇ ಆಡಿಸುತ್ತಿರಲಿಲ್ಲ ಎನ್ನುತ್ತಾರೆ. ಇದು ಯಾವ ನ್ಯಾಯ?

ಕಣ್ಣು ತೋರಿಸಿದೆ. ಎರಡರಲ್ಲೂ ಪೊರೆ. ಏಪ್ರಿಲ್ 16ಕ್ಕೆ ಬಲಗಣ್ಣಿನ ಆಪರೇಷನ್. ಆಮೇಲೆ ಒಂದು ತಿಂಗಳು ಬಗ್ಗುವಂತಿಲ್ಲ, ಮಿಷನ್ ಹತ್ತಿರ ಹೋಗುವಂತಿಲ್ಲ. ಸಣ್ಣ ಯಜಮಾನರು, ಅಂದರೆ ವಿನಾಯಕ್, ಆಫೀಸಿಗೆ ಕರೆದು ಕೂರಿಸಿದರು.

“ಕರಿಬಸಪ್ಪನವ್ರೇ, ಗ್ರೈಂಡಿಂಗ್ ಮಿಷನ್ ಮೇಲೆ ಇನ್ನೊಬ್ರು ಯಾರಿದಾರೆ?”

“ಯಾರೂ ಇಲ್ಲ ಸಾರ್.”

“ಹಾಗಾದ್ರೆ ಶಾಫ್ಟ್ ಕೆಲ್ಸ ಹೊರಗೆ ಕೊಡ್ಬೇಕಾಗುತ್ತೆ. ಒಂದ್ಸಲ ಹೊರಗೆ ಹೋದ ಕೆಲ್ಸ ವಾಪಸ್ ಬರಲ್ಲ, ನಿಮಗೇ ಗೊತ್ತು. ಆಮೇಲೆ ಆ ಮಿಷನ್ ಇಟ್ಕೊಂಡು ನಾನೇನ್ ಮಾಡ್ಲಿ? ಮಾರಿಬಿಡ್ತೀನಿ ಅಷ್ಟೆ.”

ಅವರು ಕೋಪದಿಂದ ಹೇಳಲಿಲ್ಲ. ಟೀ ಕುಡಿಸಿಯೇ ಹೇಳಿದರು. ನಾನು, ನೋಡೋಣ ಸಾರ್ ಎಂದು ಎದ್ದು ಬಂದೆ. ಮಿಷನ್ ಮಾರಿದ ಮೇಲೆ ಕಣ್ಣು ನೆಟ್ಟಗಾಗಿ ನಾನು ಬಂದು ನಿಲ್ಲುವುದಾದರೂ ಯಾವುದರ ಮುಂದೆ?

ಇರಲಿ. ಪಂದ್ಯಗಳು ಏಪ್ರಿಲ್ 6 ಮತ್ತು 10ಕ್ಕೆ, ಅಶೋಕನಗರದ ಸ್ಟೇಡಿಯಮ್ಮಿನಲ್ಲಿ. ನಿನಗೂ ಸೇರಿಸಿ ಟಿಕೆಟ್ ತೆಗೆಯುತ್ತೇನೆ. ಬಂದವನು ಕೂಡಲೇ ಹೊರಡುವ ಅವಸರ ಮಾಡಬೇಡ. ನಿನಗೆ ರಜೆ ಎಷ್ಟು ಉಳಿದಿದೆ ಎಂದು ನೋಡು. ಒಂದು ತಿಂಗಳು ಇದ್ದರೆ ನಿನ್ನ ಅಕ್ಕನಿಗೂ ಸಮಾಧಾನ. ಮಿಷನ್ ಅಲ್ಲೇ ಇದೆ, ನೀನು ನೋಡಿದ್ದೇ.

ನಿನ್ನ ಭಾವ,
ಕರಿಬಸಪ್ಪ


ಹರಿಹರ
8 ಮಾರ್ಚ್ 1996

ಪೂಜ್ಯ ಭಾವನವರಿಗೆ ಶರಣು.

ಆಪರೇಷನ್ನಿಗೆ ಹೆದರಬೇಡಿ. ಈಗ ಅದು ದೊಡ್ಡದಲ್ಲ. ನಮ್ಮ ಬೀದಿಯಲ್ಲೇ ಇಬ್ಬರು ಮಾಡಿಸಿಕೊಂಡು ಪೇಪರು ಓದುತ್ತಿದ್ದಾರೆ.

ನಾನು ಬರುವುದಕ್ಕಾಗುವುದಿಲ್ಲ. ಇಲ್ಲಿ ನನ್ನದೇ ಒಂದು ಮಿಷನ್ ಇದೆ. ನಾನಿಲ್ಲದ ದಿನ ಅದನ್ನು ಓಡಿಸುವವರು ಇಬ್ಬರಿದ್ದಾರೆ, ಆದ್ದರಿಂದ ರಜೆ ಸಿಗುವುದಿಲ್ಲ ಎಂದಲ್ಲ. ಕಾರಣ ಬೇರೆ. ನೀವು ಕೇಳದಿದ್ದರೆ ಬರೆಯುತ್ತಿರಲಿಲ್ಲ. ನೀವು ಕೇಳಿಯೂ ಇಲ್ಲ, ಆದರೆ ಹೋದ ಕಾಗದದಲ್ಲಿ ಎರಡನೆಯವನ ನ್ಯಾಯದ ಬಗ್ಗೆ ಒಂದು ಪುಟ ಬರೆದಿದ್ದಿರಿ. ಅದನ್ನು ಮೂರು ಸಲ ಓದಿದೆ.

ಭಾವ, ಒಂಬತ್ತು ವರ್ಷ ಆ ಮಿಷನ್ನಿಗೆ ನಾನು ಎರಡನೆಯವನಾಗಿದ್ದೆ. ಒಂದು ದಿನವಾದರೂ ಒಬ್ಬನೇ ನಿಂತದ್ದು ನನಗೆ ನೆನಪಿಲ್ಲ. ಹಳೇ ಮಿಷನ್ನು, ಹ್ಯಾಂಡಲ್ ತಿರುಗಿಸಿದಷ್ಟು ಶಾಫ್ಟ್ ಉಜ್ಜುವ ವೀಲ್ ಮುಂದೆ ಬರುವುದಿಲ್ಲ, ಇನ್ನೆಷ್ಟು ಗೆರೆ ಸೇರಿಸಿ ತಿರುಗಿಸಬೇಕು ಎನ್ನುವ ಅಂಕಿ ನಿಮಗೊಬ್ಬರಿಗೇ ಗೊತ್ತಿತ್ತು. ದಿನಾ ಬೆಳಗ್ಗೆ ಅದನ್ನು ವೀಲಿನ ಮುಚ್ಚಳದ ಒಳಗಡೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುತ್ತಿದ್ದಿರಿ. ಸಂಜೆ ಸೈರನ್ ಆದ ಕೂಡಲೇ ಕಾಟನ್ ವೇಸ್ಟಿನಲ್ಲಿ ಒರೆಸುತ್ತಿದ್ದಿರಿ. ಕೈ ತೊಳೆಯುವ ಮೊದಲು ಅದು. ಎಣ್ಣೆ ಹಚ್ಚಿ ಒರೆಸುತ್ತಿದ್ದಿರಿ, ಗುರುತೂ ಉಳಿಯದ ಹಾಗೆ.

ನೀವು ಒರೆಸುವಾಗ ನಾನು ಆಚೆ ತಿರುಗಿ ಊಟದ ಡಬ್ಬಿ ತೊಳೆಯುತ್ತಿದ್ದೆ. ನೋಡಿದರೆ ಕದ್ದ ಹಾಗಾಗುತ್ತದೆ ಅಂತ. ಅಕ್ಕನ ಗಂಡ, ಕೆಲಸಕ್ಕೆ ಸೇರಿಸಿದವರು, ಒಂದು ದಿನ ತಾವೇ ಕರೆದು ಹೇಳುತ್ತಾರೆ ಅಂತ ಕಾದೆ. ಇಲ್ಲಿಗೆ ಬಂದ ಮೊದಲ ದಿನ ಫೋರ್‌ಮನ್ ಕೇಳಿದರು, ಗ್ರೈಂಡಿಂಗ್ ಬರುತ್ತಾ? ಒಂಬತ್ತು ವರ್ಷ ಮಾಡಿದವನು ನಾನು, ಗೊತ್ತಿಲ್ಲ ಸಾರ್ ಎಂದೆ. ಅದು ಸುಳ್ಳಲ್ಲ. ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ಕೇರಳದವನ ಜಾಗ ಖಾಲಿ ಬಿಟ್ಟದ್ದು ಅದಕ್ಕೆ.

ನಿಮಗೆ ಎರಡನೆಯವರು ಬೇಕಿದ್ದರೆ ಹರಿಹರಕ್ಕೆ ಬರೆಯಬೇಕಾಗಿಲ್ಲ. ಇನ್‌ಸ್ಪೆಕ್ಷನ್ ಮೇಜಿನಲ್ಲಿ ಮಹಾಂತಮ್ಮ ಇನ್ನೂ ಇದ್ದಾರಲ್ಲ? ಅವರಷ್ಟು ಸರಿಯಾಗಿ ಅಳೆಯುವವರನ್ನು ನಾನು ಇಲ್ಲಿಯೂ ನೋಡಿಲ್ಲ.

ತಪ್ಪಾಗಿ ಬರೆದಿದ್ದರೆ ಕ್ಷಮಿಸಿ. ಅಕ್ಕನಿಗೆ ಇದನ್ನು ಓದಿ ಹೇಳಬೇಡಿ.

ಇತಿ,
ಪಂಚಾಕ್ಷರಿ


ಪೀಣ್ಯ
22 ಮಾರ್ಚ್ 1996

ಪಂಚಾಕ್ಷರಿ,

ನಿನ್ನ ಕಾಗದ ತಲುಪಿತು. ಯುಗಾದಿಗೆ ಚನ್ನಬಸಮ್ಮ ಹೋಳಿಗೆ ಮಾಡಿದ್ದಳು. ಅತ್ತೆಯವರಿಗೆ ಶರಣು ಹೇಳು.

ಕರಿಬಸಪ್ಪ


ಪೀಣ್ಯ
14 ಏಪ್ರಿಲ್ 1996, ಭಾನುವಾರ

ಚಿರಂಜೀವಿ ಪಂಚಾಕ್ಷರಿಗೆ ನಿನ್ನ ಭಾವನ ಆಶೀರ್ವಾದ.

ಅತ್ತೆ, ಶೈಲಜಾ, ಸೌಮ್ಯಾ, ನೀನು ಎಲ್ಲರೂ ಕ್ಷೇಮವೆಂದು ತಿಳಿಯುತ್ತೇನೆ. ನಾಡಿದ್ದು ಮಂಗಳವಾರ ಆಪರೇಷನ್. ಅದಕ್ಕೆ ಮೊದಲು ಬರೆದುಬಿಡಬೇಕೆಂದು ಕೂತಿದ್ದೇನೆ. ಸಾಲು ಓರೆಯಾಗಿದ್ದರೆ ಕಣ್ಣಿನ ತಪ್ಪು.

ಮೊದಲು ಪಂದ್ಯದ ವರದಿ. ಶನಿವಾರ ಮೊದಲನೆಯದು, 0-1ರಿಂದ ಸೋತೆವು. ಬಂಗಾಳದವನೇ ತೊಂಬತ್ತು ನಿಮಿಷ ನಿಂತ. ಬುಧವಾರದ್ದು 1-1. ನಿನಗೆಂದು ತೆಗೆದ ಟಿಕೆಟ್ಟಿನಲ್ಲಿ ಮಹಾಂತಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅದು ಯಾಕೆಂದು ಆಮೇಲೆ ಹೇಳುತ್ತೇನೆ. ವಿರಾಮದ ನಂತರ ನೋಡಿದರೆ ಗೋಲಿನಲ್ಲಿ ಕೇರಳದವನು. ನಾವಂದುಕೊಂಡಷ್ಟು ಎಳೆಯನಲ್ಲ, ತಲೆ ಮುಂದೆ ಬೋಳಾಗಿದೆ. ಆರನೇ ನಿಮಿಷದಲ್ಲೇ ಕಾರ್ನರ್ ಚೆಂಡಿಗೆ ಮುಂದೆ ಬಂದು ಕೈ ಎತ್ತಿದ, ಚೆಂಡು ಕೈಗೆ ಸಿಗಲಿಲ್ಲ, ಗೋಲು. ಸ್ಟೇಡಿಯಂ ಎಲ್ಲ ಕೂಗಿತು. ದಾಸಪ್ಪ ಬೆಂಚಿನ ಮೇಲೆ ಹತ್ತಿ, “ಹೊರಗ್ ಹಾಕ್ರೋ ಅವನ್ನ! ಇದಕ್ಕೇ ಕಣ್ರೀ ಆಡ್ಸಲ್ಲ!” ಎಂದು ಕಿರುಚಿದ.

“ಏ ಕೆಳಗ ಇಳಿಯಣ್ಣ” ಎಂದಳು ಮಹಾಂತಮ್ಮ. “ಕುಂತು ಕುಂತು ಕೈ ತಣ್ಣಗಾಗ್ಯಾವ ಅವನ್ವು. ಮಿಷನ್ ಇದ್ದಂಗ ಅದು, ಬಿಸಿ ಆಗಾಕ ಬಿಡ್ರಿ.”

“ನಿಂಗೇನಕ್ಕಾ ಗೊತ್ತು ಫುಟ್‌ಬಾಲು?”

“ಫುಟ್‌ಬಾಲ್ ಗೊತ್ತಿಲ್ಲೋ ಮಾರಾಯ. ಕುಂದ್ರೂದು ಗೊತ್ತೈತಿ.”

ಕೋಚ್ ಅವನನ್ನು ಬದಲಾಯಿಸಲಿಲ್ಲ. ಆಮೇಲೆ ಎರಡು ಚೆಂಡು ಹಿಡಿದ, ಒಂದನ್ನು ಬೆರಳ ತುದಿಯಲ್ಲಿ ಹೊರಗೆ ತಳ್ಳಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನೂ ಅದಕ್ಕೆ ಕಾದಂತೆ ಕಾಣಲಿಲ್ಲ. ನಿನ್ನ ಪಟ್ಟಿಯ ಖಾಲಿ ಜಾಗದಲ್ಲಿ ಅವನ ಹೆಸರು ಬರೆಯಬಹುದು ಎಂದು ನನ್ನ ಅಭಿಪ್ರಾಯ. ಶ್ಯಾಮಣ್ಣ ಇನ್ನೂ ಒಪ್ಪಿಲ್ಲ.

ಈಗ ಇನ್ನೊಂದು ವಿಷಯ. ನಿನ್ನ ಕಾಗದ ಬಂದ ಮೇಲೆ ಎರಡು ವಾರ ನಾನು ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ. ಊಟದ ಹೊತ್ತಿಗೆ ನಿನ್ನ ಅಕ್ಕ, ಯಾರ ಜೊತೆ ಜಗಳ ಎಂದು ಕೇಳಿದಳು. ಯಾರ ಜೊತೆಯೂ ಇಲ್ಲ ಎಂದೆ. ನನ್ನ ಉಸ್ತಾದರ ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ಆ ಮಿಷನ್ನಿಗೆ ನನಗಿಂತ ಮೊದಲು ಅವರಿದ್ದರು. ಅವರೂ ಒರೆಸುತ್ತಿದ್ದರು. ಆದರೆ ಬರೀ ಒಣ ಬಟ್ಟೆಯಲ್ಲಿ. ಸಂಜೆ ಅವರು ಮನೆಗೆ ಹೋದ ಮೇಲೆ ನಾನು ಮುಚ್ಚಳಕ್ಕೆ ನೀರು ಚಿಮುಕಿಸಿ, ಉಳಿದ ಗುರುತು ನೋಡಿ ಅಂಕಿ ಕದ್ದೆ. ಆರು ತಿಂಗಳಲ್ಲಿ ಕೆಲಸ ಬಂತು. ಹಳೇ ಯಜಮಾನರು ನೋಡಿ ಸಂತೋಷಪಟ್ಟರು. ಮುಂದಿನ ತಿಂಗಳೇ ಉಸ್ತಾದರನ್ನು ಮನೆಗೆ ಕಳಿಸಿದರು. ಹೋಗುವ ದಿನ ಅವರು ನನ್ನ ಕೈಗೆ ತಾವು ಅಳೆಯುತ್ತಿದ್ದ ಮೈಕ್ರೋಮೀಟರ್ ಕೊಟ್ಟು, “ಅಚ್ಛಾ ಬೇಟಾ” ಎಂದರು. ನಾನು ಎಣ್ಣೆ ಹಚ್ಚಿ ಒರೆಸುತ್ತಿದ್ದದ್ದು ಅದಕ್ಕೆ.

ಇದು ಕಾರಣ, ಸಮರ್ಥನೆ ಅಲ್ಲ. ಕೋಚಿಗೆ ಏನು ಹೆದರಿಕೆ ಎಂದು ಕೇಳಿದ್ದವನು ನಾನೇ.

ಯುಗಾದಿ ಕಳೆದು ಮೂರನೇ ದಿನ, ನಿನಗೆ ಆ ಚಿಕ್ಕ ಕಾಗದ ಬರೆದು ಅಂಚೆ ಡಬ್ಬಿಗೆ ಹಾಕಿ, ಮಹಾಂತಮ್ಮನನ್ನು ಮಿಷನ್ ಹತ್ತಿರ ಕರೆದೆ. ಇಳಕಲ್ ಕಡೆಯ ಹೆಣ್ಣುಮಗಳು, ಕರೆದ ಕೂಡಲೇ ಬರುವವಳಲ್ಲ. “ನಾ ಯಾಕ್ರೀ? ನನ್ನ ಮೇಜ ಐತಲ್ರೀ” ಎಂದಳು. ಗುಜರಿ ಕಬ್ಬಿಣದ ತುಂಡುಗಳನ್ನು ಪೇರಿಸಿಟ್ಟಿದ್ದೆ. ಇವು ಕೆಟ್ಟರೆ ಯಾರೂ ಕೇಳುವುದಿಲ್ಲ, ಸೌಹಾರ್ದ ಪಂದ್ಯ ಎಂದುಕೊ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅದನ್ನು ತೋರಿಸಲಿಕ್ಕೇ ಆಮೇಲೆ ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋದದ್ದು.

ಮೊದಲೆರಡು ದಿನ ಮಿಷನ್ ನಾನೇ ಸೆಟ್ ಮಾಡಿ ಕೊಟ್ಟೆ, ಅಂಕಿ ಹೇಳಲಿಲ್ಲ. ಆಗಲೂ ಹೇಳಲಿಲ್ಲ ಎನ್ನುವುದನ್ನು ಬರೆಯಲೇಬೇಕು. ಏಳು ತುಂಡು ಕೆಡಿಸಿದಳು. ಕೈ ಭಾರ. ಮೂರನೇ ದಿನ ಬೆಳಗ್ಗೆ ನಾನು ಸೀಮೆಸುಣ್ಣ ಹಿಡಿದು ನಿಂತಿದ್ದೆ. ಬರೆಯುವುದಕ್ಕೆ ಕೈ ಏಳುತ್ತಿಲ್ಲ.

“ಅಂಕಿ ನಾ ಹೇಳ್ಲೇನ್ರೀ?” ಎಂದಳು.

“ಯಾವ ಅಂಕಿ ಅವ್ವಾ?”

“ಮುಂಜಾನೆ ಮೂರು. ಉಂಡ ಮ್ಯಾಲ, ಮಿಷನ್ ಬಿಸಿ ಆಗಿರ್ತೈತಿ, ಐದು. ವೀಲಿಗೆ ಬಿಡೂ ತಂಪು ನೀರು ಬದಲಿ ಮಾಡಿದ ದಿನ ನಾಕು.”

“ಯಾರು ಹೇಳಿದ್ದು ನಿನಗೆ?”

“ಯಾರ್ ಹೇಳ್ಬೇಕ್ರೀ? ಆರು ವರ್ಷ ನಿಮ್ಮ ಶಾಫ್ಟ್ ಒಂದೊಂದೂ ಅಳದೀನಿ. ಯಾವಾಗ ಎಷ್ಟು ಹೆಚ್ಚು ಕಡಿಮೆ ಮಾಡ್ತೀರಿ ಅಂತ ಶಾಫ್ಟೇ ಹೇಳ್ತಾವ. ನೀವು ಅಷ್ಟು ತಿಕ್ಕಿ ತಿಕ್ಕಿ ಒರಸೂದು ನೋಡಿ, ಮಡಿವಂತ್ರು, ಮಿಷನ್ ಸ್ವಚ್ಛ ಇಡ್ತಾರ ಅಂತ ತಿಳಕೊಂಡಿದ್ನಿ.”

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಅವಳಿಗೆ ನಾನು ಯಾಕೆ ಕೂತೆ ಎಂದು ತಿಳಿಯಲಿಲ್ಲ, ನೀರು ತಂದುಕೊಟ್ಟಳು.

ನೀನು ಈ ಲೆಕ್ಕ ನೋಡು. ನಾಲ್ಕು ಮಾರು ದೂರದ ಮೇಜಿನವಳಿಗೆ ಗೊತ್ತಿತ್ತು. ಪಕ್ಕದಲ್ಲಿ ನಿಂತು ಆಚೆ ತಿರುಗಿದವನಿಗೆ ಗೊತ್ತಿರಲಿಲ್ಲ. ನಾನು ಅಷ್ಟು ವರ್ಷ ಎಣ್ಣೆ ಹಚ್ಚಿ ಮುಚ್ಚಿಟ್ಟದ್ದು ಲೋಕದಿಂದ ಅಲ್ಲ, ನಿನ್ನೊಬ್ಬನಿಂದ. ಅದೂ ನೀನು ಮರ್ಯಾದಸ್ಥನಾಗಿದ್ದೆ ಎನ್ನುವ ಕಾರಣಕ್ಕೆ. ಕದ್ದಿದ್ದರೆ ನಿನಗೆ ಆರು ತಿಂಗಳು ಸಾಕಾಗುತ್ತಿತ್ತು.

ಈಗ ಅವಳ ಕೈ ಹಗುರಾಗಿದೆ. ಗುರುವಾರದಿಂದ ಗುಜರಿ ಬಿಟ್ಟು ನಿಜವಾದ ಶಾಫ್ಟ್ ಹಿಡಿದಿದ್ದಾಳೆ. ಶುಕ್ರವಾರ ಎರಡು ಕೆಟ್ಟವು, ನಿನ್ನೆ ಒಂದೂ ಇಲ್ಲ. ವಿನಾಯಕ್ ಬಂದು ಬೆನ್ನ ಹಿಂದೆ ನಿಂತು ನೋಡಿದರು. “ಆಗ್ಲಿ, ಒಂದ್ ತಿಂಗಳು ನೋಡೋಣ” ಎಂದರು. ಕೆಲಸ ಹೊರಗೆ ಹೋಗುವುದಿಲ್ಲ, ಮಿಷನ್ ಇರುತ್ತದೆ. ಕಣ್ಣು ಸರಿಯಾದ ಮೇಲೆ ನನ್ನನ್ನು ಮತ್ತೆ ಅಲ್ಲಿ ನಿಲ್ಲಿಸುತ್ತಾರೋ ಇಲ್ಲವೋ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಿನ್ನೆ ಸಂಜೆ ಸೈರನ್ ಆಯಿತು. ಅಭ್ಯಾಸಬಲ, ಕೈ ಕಾಟನ್ ವೇಸ್ಟಿನ ಕಡೆ ಹೋಯಿತು. ವಾಪಸ್ ಇಟ್ಟು, ಕೈ ತೊಳೆದು ಬಂದೆ. ಅಂಕಿ ಮುಚ್ಚಳದ ಒಳಗೆ ಹಾಗೇ ಇದೆ.

ನಿನಗೂ ಬರೆಯುತ್ತೇನೆ. ಬೆಳಗ್ಗೆ ಮೂರು, ಮಧ್ಯಾಹ್ನ ಐದು, ನೀರು ಬದಲಿಸಿದ ದಿನ ನಾಲ್ಕು. ಹರಿಹರದ ಮಿಷನ್ನಿಗೆ ಇದು ಯಾವ ಉಪಯೋಗಕ್ಕೂ ಬಾರದು, ಗೊತ್ತು. ಆದರೂ ಇದು ನಿನಗೆ 1985ರಲ್ಲೇ ಸೇರಬೇಕಾಗಿದ್ದದ್ದು.

ಕಣ್ಣಿಗೆ ಪಟ್ಟಿ ಇರುವಾಗ ನಾನು ಓದುವಂತಿಲ್ಲ. ಅಕ್ಕನಿಗೆ ಓದಿ ಹೇಳಬೇಡಿ ಎಂದು ಹೋದ ಸಲ ನೀನು ಬರೆದಿದ್ದೆ, ಈ ಸಲ ಅವಳೇ ನನಗೆ ಓದಿ ಹೇಳಬೇಕು. ಅವಳ ಮುಂದೆ ಹೇಳಬಹುದಾದಷ್ಟನ್ನಾದರೂ ಬರೆ. ಅಕ್ಷರ ದೊಡ್ಡದಾಗಿರಲಿ. ಬೇಗ ಬರೆ.

ನಿನ್ನ ಭಾವ,
ಕರಿಬಸಪ್ಪ